ಮೊದಲು ನಕಲು, ಆಮೇಲೆ ನುಡಿಸುವುದು: ಹಳೆ ಸ್ಯಾಂಪ್ಲರ್ ಮತ್ತು ಅದರ ಫ್ಲಾಪಿಗಳನ್ನು ಬಳಸುವ ಬಗೆ

ಸದ್ದನ್ನು ಹಿಡಿದಿಟ್ಟು ನುಡಿಸುವ ಯಂತ್ರ, ಅಂದರೆ ಹಳೆಯ ಸ್ಯಾಂಪ್ಲರ್, ಮನೆಗೆ ಬಂದ ದಿನ ಕೈ ಸುಮ್ನೆ ಇರುವುದಿಲ್ಲ. ಜೊತೆಗೆ ಬಂದ ಫ್ಲಾಪಿಯ ಧೂಳು ಒರೆಸಿ, ಡ್ರೈವಿಗೆ ಹಾಕಿ, ಲೋಡ್ ಒತ್ತಿಬಿಡುತ್ತೇವೆ. ನಾನೂ ಹಾಗೇ ಮಾಡಿದ್ದೆ. ಒಳಗಿನಿಂದ ಕರ್ ಎಂದು ಸದ್ದು ಬಂತು. ಹೊರಗೆ ತೆಗೆದು ನೋಡಿದರೆ ಕಂದು ಬಣ್ಣದ ತಟ್ಟೆಯ ಮೇಲೆ ಬಳೆಯ ಹಾಗೆ ಒಂದು ದುಂಡು ಗೆರೆ. ಅಷ್ಟು ಜಾಗದ ಲೇಪ ಕೆರೆದುಹೋಗಿತ್ತು. ಯಾರೋ ವರ್ಷಗಳ ಹಿಂದೆ ತಾಳ್ಮೆಯಿಂದ ತುಂಬಿಟ್ಟ ಸದ್ದುಗಳು ಅದರಲ್ಲಿದ್ದವು. ಅವು ಮತ್ತೆ ಸಿಗಲಿಲ್ಲ.

ಯಂತ್ರ ಕೆಟ್ಟರೆ ರಿಪೇರಿ ಮಾಡಿಸಬಹುದು, ಬಿಡಿಭಾಗ ಹುಡುಕಬಹುದು. ಫ್ಲಾಪಿಯ ಲೇಪ ಹೋದರೆ ಅಲ್ಲಿದ್ದ ಸದ್ದು ಹೋಯಿತು, ಅಷ್ಟೇ. ಹಾಗಾಗಿ ಈ ಲೇಖನದ ಕ್ರಮ ಸ್ವಲ್ಪ ಬೇರೆ. ಮೊದಲು ಫ್ಲಾಪಿಗಳನ್ನು ಕಾಪಾಡೋಣ, ನಕಲು ತೆಗೆಯೋಣ. ಯಂತ್ರದಲ್ಲಿ ನುಡಿಸುವುದು ಆಮೇಲೆ.

ಉದಾಹರಣೆಗೆ ಅಕಾಯ್ ಎಸ್950

ಎಲ್ಲ ಯಂತ್ರಗಳ ಕತೆಯನ್ನೂ ಒಟ್ಟಿಗೆ ಹೇಳಿದರೆ ಯಾರಿಗೂ ಉಪಯೋಗವಾಗುವುದಿಲ್ಲ. ಅದಕ್ಕೆ ಒಂದನ್ನು ಹಿಡಿದುಕೊಳ್ಳುತ್ತೇನೆ. ಜಪಾನಿನ ಅಕಾಯ್ ಕಂಪನಿ 1988ರಲ್ಲಿ ತಂದ ಎಸ್950. ಹೊರಗಿನ ಸದ್ದನ್ನು ಒಳಗೆ ಹಿಡಿದಿಟ್ಟು, ಕೀಬೋರ್ಡಿನ ಬೇರೆ ಬೇರೆ ಮನೆಗಳಿಂದ ಏರಿಸಿ ಇಳಿಸಿ ನುಡಿಸಲು ಬಿಡುವ ಪೆಟ್ಟಿಗೆ ಇದು. 12 ಬಿಟ್‌ನದ್ದು. ಇವತ್ತಿನ ಫೋನಿನ ಧ್ವನಿಗಿಂತ ಒರಟು. ಆದರೆ ಆ ಒರಟುತನವೇ ಡ್ರಮ್ಮಿನ ಏಟಿಗೆ ಒಂದು ದಪ್ಪ, ಒಂದು ಗಟ್ಟಿತನ ಕೊಡುತ್ತದೆ. ಅಮೆರಿಕದ ಹಿಪ್‌ಹಾಪ್‌ನವರೂ ಇಂಗ್ಲೆಂಡಿನ ಜಂಗಲ್ ಎಂಬ ನೃತ್ಯ ಸಂಗೀತದವರೂ ಇದನ್ನು ಅಷ್ಟು ಹಚ್ಚಿಕೊಂಡಿದ್ದು ಅದಕ್ಕೇ.

ಇದರ ಮೆಮೊರಿ ಬರೀ 750 ಕೆಬಿ. ಹೆಚ್ಚುವರಿ ಬೋರ್ಡ್ ಹಾಕಿದರೆ 2.25 ಎಂಬಿ ತನಕ ಹೋಗುತ್ತದೆ. ಬೋರ್ಡ್ ಹಾಕದ ಯಂತ್ರದಲ್ಲಿ, ಸೆಕೆಂಡಿಗೆ 48 ಸಾವಿರ ಸಲ ಸದ್ದನ್ನು ಅಳೆಯುವ 48 ಕಿಲೋಹರ್ಟ್ಸ್ ವೇಗದಲ್ಲಿ, ಸುಮಾರು ಹತ್ತು ಸೆಕೆಂಡಿನ ಸದ್ದು ಹಿಡಿಯುತ್ತದೆ. ಕರೆಂಟ್ ಹೋದರೆ ಅದೂ ಹೋಯಿತು. ಸ್ವಿಚ್ ಆಫ್ ಮಾಡಿದ ಕ್ಷಣ ಹೊಟ್ಟೆ ಖಾಲಿ. ಹಾಗಾಗಿ ಈ ಯಂತ್ರಕ್ಕೆ ನೆನಪು ಅಂತ ಇರುವುದು ಫ್ಲಾಪಿಯೊಂದೇ. ಅದನ್ನು ಇಷ್ಟು ಜೋಪಾನ ಮಾಡಬೇಕಾದ ಕಾರಣವೂ ಅದೇ.

ಪ್ಲಗ್ ಚುಚ್ಚುವ ಮುಂಚೆ

ಇಂಥ ಯಂತ್ರಗಳು ನಮಗೆ ಸಿಗುವುದು ಜಾಸ್ತಿ ಹೊರದೇಶದಿಂದ. ಜಪಾನಿನಲ್ಲಿ ಮನೆ ಕರೆಂಟು 100 ವೋಲ್ಟ್, ಅಮೆರಿಕದಲ್ಲಿ 120, ನಮ್ಮಲ್ಲಿ 230. ಹಿಂಬದಿಯ ಚೀಟಿಯನ್ನು ಓದದೆ ಪ್ಲಗ್ ಚುಚ್ಚಿದರೆ ಮುಂದಿನ ಯಾವ ಹಂತವೂ ಬೇಕಾಗುವುದಿಲ್ಲ. 100 ಅಥವಾ 120 ಎಂದಿದ್ದರೆ ವೋಲ್ಟ್ ಇಳಿಸುವ ಒಳ್ಳೆಯ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ತನ್ನಿ. ಪ್ರಯಾಣದ ಬ್ಯಾಗಿನಲ್ಲಿ ಇಟ್ಟುಕೊಳ್ಳುವ ಹಗುರ ಕನ್ವರ್ಟರ್ ಬೇಡ. ತಾಮ್ರದ ಸುರುಳಿಯಿರುವ, ಕೈಗೆ ಭಾರ ಎನಿಸುವ ಪೆಟ್ಟಿಗೆಯೇ ಬೇಕು. ಯಂತ್ರದ ಮುಚ್ಚಳ ತೆಗೆಯುವ ಕೆಲಸ ಬಂದಾಗಲೆಲ್ಲ ಪ್ಲಗ್ಗನ್ನು ಪೂರ್ತಿ ಕಿತ್ತು, ಸ್ವಲ್ಪ ಹೊತ್ತು ಬಿಟ್ಟು ಕೈ ಹಾಕಿ.

ಕೈಯಲ್ಲಿರುವುದು ಯಾವ ಫ್ಲಾಪಿ?

ಮೂರೂವರೆ ಇಂಚಿನ ಫ್ಲಾಪಿಗಳೆಲ್ಲ ನೋಡಲು ಒಂದೇ ಥರ. ಆದರೆ ಎರಡು ಜಾತಿ. ಮೂಲೆಯಲ್ಲಿ ಒಂದೇ ತೂತಿದ್ದರೆ ಅದು ಡಬಲ್ ಡೆನ್ಸಿಟಿ, ಅಂದರೆ ಡಿಡಿ. ಎರಡೂ ಮೂಲೆಯಲ್ಲಿ ತೂತಿದ್ದರೆ ಹೈ ಡೆನ್ಸಿಟಿ, ಎಚ್‌ಡಿ. ಎರಡರಲ್ಲೂ ಇರುವ ತೂತಿಗೆ ಒಂದು ಜಾರುವ ಬಾಗಿಲಿದೆ. ಅದು ಬರೆಯುವುದನ್ನು ತಡೆಯುವ ತೂತು. ಬಾಗಿಲು ಸರಿಸಿ ತೂತು ಕಾಣುವಂತಿದ್ದರೆ ಅದರ ಮೇಲೆ ಏನೂ ಬರೆಯಲಾಗದು. ಹಳೆಯ ಫ್ಲಾಪಿ ಕೈಗೆ ಬಂದ ತಕ್ಷಣ ಮಾಡಬೇಕಾದ ಮೊದಲ ಕೆಲಸ ಇದೇ: ಆ ಬಾಗಿಲು ಸರಿಸಿ, ತೂತು ಕಾಣುವಂತೆ ಬಿಡಿ.

ಎಸ್950 ಎರಡೂ ಜಾತಿಯನ್ನು ಓದುತ್ತದೆ. ಡಿಡಿಯಲ್ಲಿ 800 ಕೆಬಿ, ಎಚ್‌ಡಿಯಲ್ಲಿ 1.6 ಎಂಬಿ ಇಡುತ್ತದೆ. ಇದರ ಅಣ್ಣ, 1986ರ ಎಸ್900, ಡಿಡಿಯನ್ನು ಮಾತ್ರ ಬಲ್ಲದು. ಈ ಅಂಕಿಗಳಲ್ಲಿ ಒಂದು ಲೆಕ್ಕಾಚಾರ ಅಡಗಿದೆ. 750 ಕೆಬಿ ಮೆಮೊರಿಯಲ್ಲಿ ಇರುವುದೆಲ್ಲ 800 ಕೆಬಿಯ ಒಂದೇ ಫ್ಲಾಪಿಯಲ್ಲಿ ಹಿಡಿಯುತ್ತದೆ. ಆಫ್ ಮಾಡುವ ಮುಂಚೆ ಒಂದು ಫ್ಲಾಪಿ ಹಾಕಿದರೆ ಆ ದಿನದ ಕೆಲಸವೆಲ್ಲ ಭದ್ರ. ಮೆಮೊರಿಯನ್ನು 2.25 ಎಂಬಿಗೆ ಏರಿಸಿದ್ದರೆ ಮಾತ್ರ ಎಚ್‌ಡಿ ಫ್ಲಾಪಿಯೂ ಒಂದು ಸಾಲದು, ಎರಡು ಬೇಕು.

ಕಂಪ್ಯೂಟರ್ ಬಲ್ಲವರು ಇಲ್ಲಿ ನಿಂತು ಕೇಳುತ್ತಾರೆ, ಫ್ಲಾಪಿ ಅಂದರೆ 720 ಕೆಬಿ ಮತ್ತು 1.44 ಎಂಬಿ ಅಲ್ವಾ ಎಂದು. ಕಂಪ್ಯೂಟರಿನ ಲೆಕ್ಕ ಅದು. ಡಿಡಿ ಫ್ಲಾಪಿಯ ಒಂದೊಂದು ಸುತ್ತಿನಲ್ಲಿ ಕಂಪ್ಯೂಟರ್ 512 ಬೈಟಿನ ಒಂಬತ್ತು ತುಂಡು ಬರೆಯುತ್ತದೆ. ಅಕಾಯ್ 1024 ಬೈಟಿನ ಐದು ತುಂಡು ಬರೆಯುತ್ತದೆ. ತುಂಡು ಕಡಿಮೆಯಾದರೆ ನಡುವೆ ಬಿಡುವ ಖಾಲಿ ಜಾಗವೂ ಕಡಿಮೆ, ಹಾಗಾಗಿ ಒಟ್ಟು ಜಾಸ್ತಿ ಹಿಡಿಯುತ್ತದೆ. ಇದರಿಂದ ನಮಗೆ ಒಂದು ತೊಂದರೆಯೂ ಇದೆ. ಆನ್‌ಲೈನಿನಲ್ಲಿ ಸಿಗುವ ಯುಎಸ್‌ಬಿ ಫ್ಲಾಪಿ ಡ್ರೈವ್‌ಗಳು ಕಂಪ್ಯೂಟರಿನ ಫಾರ್ಮ್ಯಾಟನ್ನು ಮಾತ್ರ ಓದುತ್ತವೆ. ಅಕಾಯ್ ಫ್ಲಾಪಿ ಹಾಕಿದರೆ ವಿಂಡೋಸ್ ಅದನ್ನು ಗುರುತಿಸದೆ, ಫಾರ್ಮ್ಯಾಟ್ ಮಾಡಲೇ ಎಂದು ಕೇಳುತ್ತದೆ. ದಯವಿಟ್ಟು ಹೂಂ ಅನ್ನಬೇಡಿ. ಫ್ಲಾಪಿ ಖಾಲಿಯಿಲ್ಲ, ಆ ಡ್ರೈವಿಗೆ ಓದಲು ಬರುವುದಿಲ್ಲ ಅಷ್ಟೇ.

ಅಂದ ಹಾಗೆ, ನಮ್ಮ ಆರ್ಕೆಸ್ಟ್ರಾಗಳಲ್ಲಿ ನುಡಿಸುತ್ತಿದ್ದವರ ಹತ್ತಿರ ಫ್ಲಾಪಿ ಡ್ರೈವ್ ಇರುವ ಯಮಾಹಾ ಪಿಎಸ್‌ಆರ್ ಕೀಬೋರ್ಡ್ ಮತ್ತು ಅದರ ಸ್ಟೈಲ್, ಅಂದರೆ ಹಿಮ್ಮೇಳದ ತಾಳಗಳು, ತುಂಬಿದ ಫ್ಲಾಪಿಗಳು ಇನ್ನೂ ಇರಬಹುದು. ಅವು ಕಂಪ್ಯೂಟರಿನ ಫಾರ್ಮ್ಯಾಟಿನವೇ. ಅವಕ್ಕೆ ಯುಎಸ್‌ಬಿ ಡ್ರೈವ್ ಸಾಕು. 1997ರ ಅಕಾಯ್ ಎಂಪಿಸಿ2000 ಕೂಡ ಅದೇ ಫಾರ್ಮ್ಯಾಟ್ ಬಳಸುತ್ತದೆ. ನಿಮ್ಮಲ್ಲಿರುವುದು ಅಂಥದ್ದಾದರೆ ಅರ್ಧ ಕೆಲಸ ಹಗುರವಾಯಿತು.

ಕಣ್ಣಿನಿಂದ ಪರೀಕ್ಷೆ

ಫ್ಲಾಪಿಯ ಲೋಹದ ಬಾಗಿಲನ್ನು ಬೆರಳಿನಿಂದ ಸರಿಸಿ ಹಿಡಿಯಿರಿ. ಒಳಗೆ ಕಂದು ತಟ್ಟೆ ಕಾಣುತ್ತದೆ. ಅದನ್ನು ಮುಟ್ಟಬೇಡಿ. ಹಿಂಬದಿಯ ಲೋಹದ ಗುಂಡಿಯನ್ನು ನಿಧಾನಕ್ಕೆ ತಿರುಗಿಸುತ್ತಾ, ಓರೆ ಬೆಳಕಿನಲ್ಲಿ ಇಡೀ ಸುತ್ತನ್ನು ನೋಡಿ. ಎರಡೂ ಬದಿ ನೋಡಬೇಕು.

ತಟ್ಟೆ ಒಂದೇ ಸಮ ಹೊಳೆಯುತ್ತಿದ್ದರೆ ಒಳ್ಳೆಯದು. ಬಿಳಿ ಚುಕ್ಕೆ, ಪುಡಿ, ಮೋಡದಂಥ ಕಲೆ ಕಂಡರೆ ಅದು ಬೂಷ್ಟು. ಮಲೆನಾಡಿನಲ್ಲೋ ಕರಾವಳಿಯಲ್ಲೋ ಕೆಲವು ಮಳೆಗಾಲ ಕಳೆದ ಫ್ಲಾಪಿಯಾದರೆ ಬೂಷ್ಟು ಇದ್ದೇ ಇದೆ ಎಂದುಕೊಂಡೇ ನೋಡಿ. ಅಲ್ಲಿ ಚಪ್ಪಲಿಗೂ ಪುಸ್ತಕಕ್ಕೂ ಬೂಷ್ಟು ಹಿಡಿಯುತ್ತದೆ, ಫ್ಲಾಪಿಯನ್ನು ಬಿಡುತ್ತದೆಯೇ? ಮೂರನೆಯದು ದುಂಡು ಗೆರೆ. ಅದು ಬೆಳಕು ಆಚೆಯಿಂದ ಹಾಯುವಷ್ಟು ತೆಳುವಾಗಿದ್ದರೆ ಆ ಸುತ್ತಿನ ಸದ್ದು ಹೋಗಿದೆ. ಉಳಿದ ಸುತ್ತುಗಳು ಇನ್ನೂ ಸಿಗಬಹುದು.

ಬೂಷ್ಟು ಇರುವ ಫ್ಲಾಪಿಯನ್ನು ಹಾಗೇ ಡ್ರೈವಿಗೆ ಹಾಕಿದರೆ ಎರಡು ಹಾನಿ. ಬೂಷ್ಟು ಡ್ರೈವಿನಲ್ಲಿ ಫ್ಲಾಪಿಯನ್ನು ಓದುವ ಹೆಡ್ಡಿಗೆ ಅಂಟಿ, ಮರಳು ಕಾಗದದ ಹಾಗೆ ಆ ಫ್ಲಾಪಿಯನ್ನು ಉಜ್ಜುತ್ತದೆ. ಮುಂದೆ ಹಾಕುವ ಒಳ್ಳೆಯ ಫ್ಲಾಪಿಯನ್ನೂ ಉಜ್ಜುತ್ತದೆ. ನನ್ನ ಫ್ಲಾಪಿಗೆ ಆಗಿದ್ದೇ ಇದು.

ಒರೆಸಲು 99 ಪರ್ಸೆಂಟಿನ ಐಸೊಪ್ರೊಪೈಲ್ ಆಲ್ಕೋಹಾಲ್ ಬೇಕು. ಮೊಬೈಲ್ ರಿಪೇರಿಯವರು ಐಪಿಎ ಎಂದು ಕರೆಯುವುದು ಇದನ್ನೇ. ಕೈ ತೊಳೆಯುವ ಸ್ಯಾನಿಟೈಸರ್ ಆಗುವುದಿಲ್ಲ, ಅದರಲ್ಲಿ ಅಂಟಿನಂಥ ಪದಾರ್ಥ ಇರುತ್ತದೆ. ನಾರು ಬಿಡದ ಬಟ್ಟೆ ಸುತ್ತಿದ ಕಡ್ಡಿಯನ್ನು ಇದರಲ್ಲಿ ಅದ್ದಿ, ತಟ್ಟೆಯ ಮೇಲೆ ಹಗುರವಾಗಿ ಇಟ್ಟು, ಹಿಂದಿನ ಗುಂಡಿ ತಿರುಗಿಸಿ. ಕಡ್ಡಿಯನ್ನು ಒತ್ತಬಾರದು. ತಟ್ಟೆ ತಾನೇ ಅದರ ಕೆಳಗೆ ಸರಿದು ಹೋಗಬೇಕು. ಎರಡು ಮೂರು ಸುತ್ತಿಗೊಮ್ಮೆ ಹೊಸ ಕಡ್ಡಿ. ಎರಡೂ ಬದಿ ಆದ ಮೇಲೆ ಬಾಗಿಲು ತೆರೆದಿಟ್ಟು ಪೂರ್ತಿ ಒಣಗಲು ಬಿಡಿ. ಬೂಷ್ಟಿನ ಫ್ಲಾಪಿಗಳನ್ನು ಬೇರೆ ಡಬ್ಬಿಯಲ್ಲಿ ಇಡಿ, ಒಳ್ಳೆಯವುಗಳ ಜೊತೆ ಸೇರಿಸಬೇಡಿ. ಇಂಥ ಕೆಲಸ ಮಾಡುವಾಗ ಮೂಗಿಗೆ ಮಾಸ್ಕ್ ಕಟ್ಟಿಕೊಳ್ಳಿ.

ಡ್ರೈವ್ ಶುಚಿ ಮಾಡುವುದು

ಫ್ಲಾಪಿ ಶುಚಿಯಾಗಿ ಡ್ರೈವ್ ಕೊಳಕಾಗಿದ್ದರೆ ಪ್ರಯೋಜನವಿಲ್ಲ. ಡ್ರೈವಿನಲ್ಲಿ ಎರಡು ಹೆಡ್ ಇವೆ. ಕೆಳಗಿನದು ಗಟ್ಟಿಯಾಗಿ ಕೂತಿದೆ. ಮೇಲಿನದು ತೆಳ್ಳನೆಯ ಸ್ಪ್ರಿಂಗ್ ತೋಳಿನ ತುದಿಯಲ್ಲಿದೆ. ಆ ತೋಳನ್ನು ಸ್ವಲ್ಪವೇ ಎತ್ತಿ, ಐಪಿಎ ಹಚ್ಚಿದ ಕಡ್ಡಿಯಿಂದ ಎರಡೂ ಹೆಡ್ ಒರೆಸಿ. ಜಾಸ್ತಿ ಎತ್ತಿದರೆ ತೋಳು ಬಾಗಿ, ಹೆಡ್ ಸರಿಯಾದ ಜಾಗದಲ್ಲಿ ಕೂರುವುದೇ ಇಲ್ಲ. ಹಾಗೆ ಕೆಟ್ಟ ಡ್ರೈವನ್ನು ಮನೆಯಲ್ಲಿ ಸರಿಮಾಡುವುದು ತುಂಬಾ ಕಷ್ಟ.

ಆಮೇಲೆ ಒಂದು ಬೇಡದ ಫ್ಲಾಪಿ ಹಾಕಿ, ತೆಗೆದು ನೋಡಿ. ಮೂವತ್ತು ವರ್ಷದ ಗ್ರೀಸ್ ಅಂಟಾಗಿ ಗಟ್ಟಿಯಾಗಿರುತ್ತದೆ. ಫ್ಲಾಪಿ ಅರ್ಧಕ್ಕೆ ನಿಂತರೆ ಎಳೆಯಬೇಡಿ. ಮೇಲಿನ ಹೆಡ್ ಇನ್ನೂ ಕೆಳಗೇ ಇರಬಹುದು, ಎಳೆದರೆ ಫ್ಲಾಪಿಯ ಲೋಹದ ಬಾಗಿಲು ಅದನ್ನು ಕಿತ್ತುಕೊಂಡೇ ಹೊರಬರುತ್ತದೆ. ಜಾರುವ ಭಾಗಗಳ ಹಳೆ ಗ್ರೀಸ್ ಒರೆಸಿ ತೆಗೆದು, ಹೊಸದನ್ನು ಬೆಂಕಿಕಡ್ಡಿಯ ತುದಿಯಷ್ಟು ಹಚ್ಚಿದರೆ ಸಾಕು. ಅಡುಗೆ ಎಣ್ಣೆ, ತೆಂಗಿನೆಣ್ಣೆ ಬೇಡವೇ ಬೇಡ.

ನಕಲು ತೆಗೆಯುವುದು

ಇಡೀ ಲೇಖನದಲ್ಲಿ ಒಂದೇ ಹಂತ ಮಾಡುತ್ತೇನೆ ಅನ್ನುವವರು ಇದನ್ನು ಮಾಡಿ.

ಯುಎಸ್‌ಬಿ ಫ್ಲಾಪಿ ಡ್ರೈವ್ ಆಗುವುದಿಲ್ಲ ಎಂದೆ. ಅದರ ಬದಲು ಗ್ರೀಸ್‌ವೀಝಲ್ ಎಂಬ ಪುಟ್ಟ ಬೋರ್ಡ್ ಇದೆ. ಇದರ ವಿನ್ಯಾಸವೂ ಸಾಫ್ಟ್‌ವೇರೂ ಮುಕ್ತ. ಒಂದು ಬದಿ ಯುಎಸ್‌ಬಿ, ಇನ್ನೊಂದು ಬದಿ 34 ಪಿನ್ನಿನ ರಿಬ್ಬನ್ ಕೇಬಲ್. ಹಳೆಯ ಡೆಸ್ಕ್‌ಟಾಪ್ ಕಂಪ್ಯೂಟರಿನಿಂದ ಬಿಚ್ಚಿದ ಮಾಮೂಲಿ ಫ್ಲಾಪಿ ಡ್ರೈವನ್ನು ಇದಕ್ಕೆ ಸೇರಿಸಬೇಕು. ಡ್ರೈವ್ ಮತ್ತು ಕೇಬಲ್ಲಿಗೆ ಬೆಂಗಳೂರಿನವರು ಎಸ್.ಪಿ. ರೋಡಿನಲ್ಲಿ ಒಂದು ಸುತ್ತು ಹಾಕಬಹುದು. ಎರಡು ಡ್ರೈವ್ ಸಿಕ್ಕರೆ ಎರಡನ್ನೂ ತನ್ನಿ. ಒಂದು ಓದದ ಫ್ಲಾಪಿಯನ್ನು ಇನ್ನೊಂದು ಓದುವುದು ಎಷ್ಟೋ ಸಲ ಇದೆ.

ಈ ಬೋರ್ಡಿನ ವಿಶೇಷ ಇಷ್ಟೇ. ಫ್ಲಾಪಿಯಲ್ಲಿ ಯಾವ ಫಾರ್ಮ್ಯಾಟ್ ಇದೆ ಎಂದು ಅದು ಮೊದಲು ತಲೆ ಕೆಡಿಸಿಕೊಳ್ಳುವುದಿಲ್ಲ. ತಟ್ಟೆಯ ಮೇಲೆ ಕಾಂತದ ದಿಕ್ಕು ಎಲ್ಲೆಲ್ಲಿ ಬದಲಾಗಿದೆಯೋ ಆ ಹೊತ್ತನ್ನೆಲ್ಲ ಹಾಗೇ ಬರೆದುಕೊಳ್ಳುತ್ತದೆ. ಫಾರ್ಮ್ಯಾಟ್ ಬಿಡಿಸುವುದು ಆಮೇಲಿನ ಕೆಲಸ. ಹೀಗಾಗಿ ಕ್ರಮ ಹೀಗಿರಲಿ. ಮೊದಲು ಈ ಹಸಿ ದಾಖಲೆಯನ್ನು ಎಸ್‌ಸಿಪಿ ಫೈಲಾಗಿ ಉಳಿಸಿ. ಆಮೇಲೆ ಆ ಫೈಲಿನಿಂದ ಐಎಂಜಿ ಎಂಬ ಡಿಸ್ಕ್ ಇಮೇಜ್ ಮಾಡಿಕೊಳ್ಳಿ. ಫಾರ್ಮ್ಯಾಟುಗಳ ಪಟ್ಟಿಯಲ್ಲಿ ಅಕಾಯ್ 800 ಮತ್ತು ಅಕಾಯ್ 1600 ಎಂದು ಎರಡು ಹೆಸರುಗಳಿವೆ. ಡಿಡಿಗೆ ಮೊದಲನೆಯದು, ಎಚ್‌ಡಿಗೆ ಎರಡನೆಯದು. ಸರಿಯಾದ ಇಮೇಜಿನ ಅಳತೆ ಡಿಡಿಗೆ 8,19,200 ಬೈಟ್, ಎಚ್‌ಡಿಗೆ 16,38,400 ಬೈಟ್.

ನೇರವಾಗಿ ಇಮೇಜನ್ನೇ ತೆಗೆಯಬಹುದಲ್ಲ ಎನ್ನಬಹುದು. ತೆಗೆಯಬಹುದು. ಆದರೆ ಬಡಕಲು ಫ್ಲಾಪಿ ಒಂದೇ ಸಲ ಸರಿಯಾಗಿ ಓದಿಸಿಕೊಂಡು ಸತ್ತುಹೋಗುವುದೂ ಉಂಟು. ಹಸಿ ದಾಖಲೆ ಕೈಯಲ್ಲಿದ್ದರೆ ಫ್ಲಾಪಿಯನ್ನು ಮತ್ತೆ ಮುಟ್ಟದೆ, ನಾಳೆ ನಾಡಿದ್ದು ಇನ್ನೊಂದು ಸಲ ಬಿಡಿಸಲು ಪ್ರಯತ್ನಿಸಬಹುದು.

ಓದುವಾಗ ಪರದೆಯ ಮೇಲೆ 80 ಸುತ್ತುಗಳ ಲೆಕ್ಕ ಬರುತ್ತದೆ. ಒಂದೆರಡು ಸುತ್ತು ಕೈಕೊಟ್ಟರೆ ಗಾಬರಿ ಬೇಡ. ಹೆಡ್ ಒರೆಸಿ ಮತ್ತೆ ಓದಿಸಿ. ಇನ್ನೊಂದು ಡ್ರೈವಿನಲ್ಲಿ ಓದಿಸಿ. ಡ್ರೈವ್ ಕಿರುಚಿದರೆ ಮಾತ್ರ ಆ ಕ್ಷಣವೇ ನಿಲ್ಲಿಸಿ ಫ್ಲಾಪಿ ಹೊರಗೆ ತೆಗೆಯಿರಿ. ಕಿರುಚುವುದು ಅಂದರೆ ಲೇಪ ಏಳುತ್ತಿದೆ ಎಂದು.

ಫೈಲಿನ ಹೆಸರಿನಲ್ಲಿ ಫ್ಲಾಪಿಯ ಚೀಟಿಯಲ್ಲಿ ಏನು ಬರೆದಿದೆಯೋ ಅದನ್ನೇ ಹಾಕಿ. ಚೀಟಿಯದ್ದೊಂದು ಫೋಟೊ ತೆಗೆದು ಅದೇ ಫೋಲ್ಡರಿನಲ್ಲಿಡಿ. ಹಿಂದಿನವರ ಕೈಬರಹದಲ್ಲಿ ಯಾವ ಹಾಡಿಗೆ, ಯಾವ ವಾದ್ಯಕ್ಕೆ ಎಂಬ ಸುಳಿವು ಇರುತ್ತದೆ. ಸದ್ದಿನಷ್ಟೇ ಬೆಲೆ ಅದಕ್ಕೂ ಇದೆ.

ಒಳಗಿನ ಸದ್ದನ್ನು ಲ್ಯಾಪ್‌ಟಾಪಿನಲ್ಲೇ ಕೇಳಬೇಕೆಂದರೆ ಅಕಾಯ್‌ಯುಟಿಲ್ ಎಂಬ ಉಚಿತ ಪ್ರೋಗ್ರಾಂ ಇದೆ. ಎಸ್900, ಎಸ್1000, ಎಸ್3000 ಸಾಲಿನ ಡಿಸ್ಕ್‌ಗಳ ಒಳಹೊಕ್ಕು ಫೈಲುಗಳನ್ನು ತೋರಿಸುತ್ತದೆ, ವೇವ್ ಫೈಲಾಗಿಯೂ ಕೊಡುತ್ತದೆ. ಮೌಸಿನಲ್ಲಿ ಒತ್ತುವಂಥದ್ದಲ್ಲ, ಟೈಪ್ ಮಾಡಿ ಬಳಸಬೇಕು. ಒಂದು ಸಂಜೆ ಕೂತರೆ ಕೈಗೆ ಬರುತ್ತದೆ.

ಡ್ರೈವಿನ ಜಾಗಕ್ಕೆ ಗೋಟೆಕ್

ನಕಲು ಆಯಿತು. ಈಗ ದಿನಬಳಕೆಗೆ ಫ್ಲಾಪಿಯನ್ನೇ ನೆಚ್ಚಿಕೊಳ್ಳಬೇಕೇ? ಬೇಡ ಅನ್ನುವುದು ನನ್ನ ಅಭಿಪ್ರಾಯ. ಗೋಟೆಕ್ ಎಂಬ ಫ್ಲಾಪಿ ಎಮ್ಯುಲೇಟರ್ ಹಾಕಿ. ಫ್ಲಾಪಿ ಡ್ರೈವಿನಷ್ಟೇ ದೊಡ್ಡದು, ಅದೇ ಜಾಗದಲ್ಲಿ ಕೂರುತ್ತದೆ, ಮುಂದೆ ಪೆನ್‌ಡ್ರೈವ್ ಚುಚ್ಚುವ ತೂತು. ಸ್ಯಾಂಪ್ಲರಿಗೆ ತಾನು ನಿಜವಾದ ಫ್ಲಾಪಿಯನ್ನೇ ಓದುತ್ತಿದ್ದೇನೆ ಎಂದೇ ಅನಿಸುತ್ತದೆ.

ಕಾರ್ಖಾನೆಯಿಂದ ಬಂದ ಗೋಟೆಕ್‌ಗೆ ಗೊತ್ತಿರುವುದು ಕಂಪ್ಯೂಟರಿನ ಫಾರ್ಮ್ಯಾಟ್ ಮಾತ್ರ, ಅಕಾಯ್‌ಗೆ ಅದು ಆಗದು. ಅದರ ಒಳಗಿನ ತಂತ್ರಾಂಶವಾದ ಫರ್ಮ್‌ವೇರ್ ತೆಗೆದು ಫ್ಲ್ಯಾಶ್‌ಫ್ಲಾಪಿ ಎಂಬ ಉಚಿತ ಫರ್ಮ್‌ವೇರ್ ಹಾಕಬೇಕು. ಮಾರುವವರಲ್ಲಿ ಕೆಲವರು ಹಾಕಿಯೇ ಕೊಡುತ್ತಾರೆ. ಮೊದಲ ಸಲದವರು ಸ್ವಲ್ಪ ಜಾಸ್ತಿ ದುಡ್ಡಾದರೂ ಅಂಥದ್ದನ್ನೇ ತೆಗೆದುಕೊಳ್ಳಿ. ಮೂರು ಅಂಕಿ ತೋರಿಸುವ ಹಳೆ ಮಾದರಿ ಬೇಡ. ಫೈಲಿನ ಹೆಸರು ತೋರಿಸುವ ಒಎಲ್‌ಇಡಿ ಪರದೆ ಮತ್ತು ತಿರುಗಿಸುವ ಗುಂಡಿ ಇರುವುದು ಬೇಕು. ಅಂಕಿ ನೋಡಿ ಯಾವ ಡಿಸ್ಕಿನಲ್ಲಿ ಏನಿದೆ ಎಂದು ನೆನಪಿಡುವುದು ಸಾಕೋ ಸಾಕು ಅನಿಸುತ್ತದೆ.

ಪೆನ್‌ಡ್ರೈವನ್ನು ಫ್ಯಾಟ್32 ಫಾರ್ಮ್ಯಾಟ್ ಮಾಡಿ. ಅದರ ಮೊದಲ ಫೋಲ್ಡರಿನಲ್ಲೇ ಎಫ್‌ಎಫ್ ಡಾಟ್ ಸಿಎಫ್‌ಜಿ ಎಂಬ ಸೆಟ್ಟಿಂಗ್ ಫೈಲ್ ಇಡಬೇಕು. ಅದರಲ್ಲಿ ಎರಡು ಸಾಲು ಬದಲಾಯಿಸಿದರೆ ಸಾಕು. ಹೋಸ್ಟ್ ಎಂಬ ಸಾಲಿಗೆ ಅಕಾಯ್ ಎಂದು ಕೊಡಿ. ಆಗ 800 ಮತ್ತು 1600ರ ಇಮೇಜುಗಳನ್ನು ಅಳತೆ ನೋಡಿಯೇ ಗುರುತಿಸುತ್ತದೆ. ಇಂಟರ್‌ಫೇಸ್ ಎಂಬ ಸಾಲಿಗೆ ಅಕಾಯ್-ಎಸ್950 ಎಂದು ಕೊಡಿ. ಈ ಯಂತ್ರಕ್ಕೆಂದೇ ಹಾಗೊಂದು ಆಯ್ಕೆ ಇಟ್ಟಿದ್ದಾರೆ. ಕಾರಣ ತಿಳಿದಿರಲಿ. ಎಸ್950ಕ್ಕೆ ರಿಬ್ಬನ್ ಕೇಬಲ್ಲಿನ 34ನೇ ಪಿನ್ನಿನಲ್ಲಿ ಡ್ರೈವ್ ಸಿದ್ಧವಾಗಿದೆ ಎಂಬ ಸೂಚನೆ ಬೇಕು. 2ನೇ ಪಿನ್ನಿನಲ್ಲಿ ಹಾಕಿರುವುದು ಎಚ್‌ಡಿಯೋ ಅಲ್ಲವೋ ಎಂದು ತಿಳಿಯಬೇಕು. ಕಂಪ್ಯೂಟರಿನ ಡ್ರೈವ್‌ಗಳು ಆ 34ನೇ ಪಿನ್ನಿನಲ್ಲಿ ಬೇರೆಯೇ ಸೂಚನೆ ಕೊಡುತ್ತವೆ. ಕಂಪ್ಯೂಟರಿನ ಮಾಮೂಲಿ ಡ್ರೈವನ್ನು ಹಾಗೇ ಸ್ಯಾಂಪ್ಲರಿಗೆ ಹಾಕಿದರೆ ಕೆಲಸ ಮಾಡದಿರುವುದು ಇದಕ್ಕೇ.

ಜೋಡಿಸುವಾಗ ನೋಡಬೇಕಾದವು ಮೂರು. ಗೋಟೆಕ್‌ನ ಹಿಂದೆ ಎರಡು ಪಿನ್ನುಗಳನ್ನು ಜೋಡಿಸುವ ಸಣ್ಣ ಜಂಪರ್‌ಗಳಿವೆ. ಸ್ಯಾಂಪ್ಲರ್‌ಗಳಿಗೆ ಸಾಮಾನ್ಯವಾಗಿ ಎಸ್0 ಎಂಬ ಜಾಗದಲ್ಲಿ ಜಂಪರ್ ಇರಬೇಕು. ರಿಬ್ಬನ್ ಕೇಬಲ್ಲಿನ ಕೆಂಪು ಅಂಚು 1ನೇ ಪಿನ್ನಿನ ಕಡೆಗೆ ಬರಬೇಕು. ಉಲ್ಟಾ ಹಾಕಿದರೆ ಡ್ರೈವಿನ ದೀಪ ಆರದೆ ಉರಿಯುತ್ತಲೇ ಇರುತ್ತದೆ, ಆಫ್ ಮಾಡಿ ತಿರುಗಿಸಿ ಹಾಕಿ. ಮೂರನೆಯದು ಕರೆಂಟಿನ ವೈರ್. ಕಂಪ್ಯೂಟರಿನ ರೂಢಿಯಲ್ಲಿ ಕೆಂಪು 5 ವೋಲ್ಟ್, ಹಳದಿ 12 ವೋಲ್ಟ್, ನಡುವಿನ ಕಪ್ಪು ಎರಡೂ ಅರ್ಥ್. ಆದರೆ ಹಳೆಯ ಸಂಗೀತ ಯಂತ್ರಗಳೆಲ್ಲ ಈ ರೂಢಿ ಪಾಲಿಸಿಲ್ಲ. ಬಣ್ಣ ನಂಬಬೇಡಿ. ಮಲ್ಟಿಮೀಟರ್ ಹಿಡಿದು 5 ವೋಲ್ಟ್ ಎಲ್ಲಿದೆ ಎಂದು ಅಳೆದ ಮೇಲೆಯೇ ಚುಚ್ಚಿ. ತಪ್ಪಿ 12 ವೋಲ್ಟ್ ಹೋದರೆ ಗೋಟೆಕ್ ಸುಟ್ಟುಹೋಗುತ್ತದೆ.

ಹೊಸ ಖಾಲಿ ಡಿಸ್ಕ್ ಬೇಕೆಂದಾಗ ಹಳೆಯ ಯಾವುದೋ ಇಮೇಜಿನ ಪ್ರತಿ ಮಾಡಿ, ಹೆಸರು ಬದಲಿಸಿ, ಸ್ಯಾಂಪ್ಲರಿನಲ್ಲೇ ಫಾರ್ಮ್ಯಾಟ್ ಮಾಡಿಕೊಳ್ಳಿ. ಮೂಲ ಇಮೇಜಿನ ಮೇಲೆ ಕೈಯಿಡಬೇಡಿ. ಮೂಲಗಳೆಲ್ಲ ಲ್ಯಾಪ್‌ಟಾಪಿನಲ್ಲೇ ಇರಲಿ, ಪೆನ್‌ಡ್ರೈವಿಗೆ ಪ್ರತಿಗಳು ಮಾತ್ರ ಹೋಗಲಿ.

ಬಿಚ್ಚಿದ ಹಳೆ ಡ್ರೈವನ್ನು ಗುಜರಿಗೆ ಹಾಕಬೇಡಿ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತೆಗೆದಿಡಿ. ನಾಳೆ ಯಂತ್ರ ಇನ್ನೊಬ್ಬರ ಕೈಗೆ ಹೋಗುವಾಗ ಅದೂ ಜೊತೆಗೆ ಹೋಗಬೇಕು.

ಇಲ್ಲ, ಫ್ಲಾಪಿಯೇ ಬೇಕು ಅನ್ನುವವರಿಗೆ

ಆ ಟಕ್ ಟಕ್ ಸದ್ದು, ಕಾಯುವ ಆ ಅರ್ಧ ನಿಮಿಷ, ಅದೂ ಇಷ್ಟವಾಗುವಂಥದ್ದೇ. ನನಗೂ ಇಷ್ಟ. ಸೋನಿ ಕಂಪನಿ ಜಪಾನಿನಲ್ಲಿ ಫ್ಲಾಪಿ ಮಾರುವುದನ್ನು 2011ರಲ್ಲಿ ನಿಲ್ಲಿಸಿತು. ಈಗ ಸಿಗುವ ಸೀಲ್ ಒಡೆಯದ ಡಬ್ಬಿಗಳೆಲ್ಲ ಹಳೆಯ ಸ್ಟಾಕು. ಅದರಲ್ಲೂ ಡಿಡಿ ಸಿಗುವುದು ಅಪರೂಪ. ಎಸ್950ಕ್ಕೆ ಎಚ್‌ಡಿ ನಡೆಯುವುದರಿಂದ ಅಷ್ಟು ಚಿಂತೆಯಿಲ್ಲ. ಎಸ್900 ಇರುವವರಿಗೂ, 1987ರ ಇ-ಮ್ಯು ಎಸ್‌ಪಿ-1200, 1984ರ ಎನ್ಸಾನಿಕ್ ಮಿರಾಜ್ ಇರುವವರಿಗೂ ಡಿಡಿಯೇ ಬೇಕು. ಮಿರಾಜ್‌ಗಂತೂ ಫ್ಲಾಪಿ ಇಲ್ಲದಿದ್ದರೆ ಎಚ್ಚರವೇ ಆಗುವುದಿಲ್ಲ, ಅದರ ಆಪರೇಟಿಂಗ್ ಸಿಸ್ಟಮ್ ಇರುವುದೇ ಫ್ಲಾಪಿಯಲ್ಲಿ.

ಎಚ್‌ಡಿ ಫ್ಲಾಪಿಯ ಎರಡನೇ ತೂತಿಗೆ ಟೇಪ್ ಅಂಟಿಸಿ ಡಿಡಿಯ ಹಾಗೆ ಬಳಸುವ ಉಪಾಯ ಎಲ್ಲರೂ ಹೇಳುತ್ತಾರೆ. ನಡೆಯುತ್ತದೆ, ಆದರೆ ಭರವಸೆಯಿಲ್ಲ. ಎಚ್‌ಡಿಯ ಲೇಪಕ್ಕೆ ಗುರುತು ಮೂಡಿಸಲು ಜಾಸ್ತಿ ಬಲ ಬೇಕು, ಡಿಡಿಯ ರೀತಿಯಲ್ಲಿ ಬರೆದದ್ದು ಗಟ್ಟಿಯಾಗಿ ಕೂರುವುದಿಲ್ಲ. ಇವತ್ತು ಬರೆದದ್ದು ನಾಳೆ ಓದುತ್ತದೆ, ಮುಂದಿನ ವರ್ಷ ಓದದಿರಬಹುದು. ಒಂದು ಸಂಜೆಯ ಕಾರ್ಯಕ್ರಮಕ್ಕೆ ಸರಿ. ಇಟ್ಟುಕೊಳ್ಳುವ ಕೆಲಸಕ್ಕೆ ಬೇಡ.

ಹತ್ತು ಸೆಕೆಂಡಿನಲ್ಲಿ ಹದಿಮೂರೂವರೆ ತುಂಬುವುದು

ಜಾಗ ಕಡಿಮೆ ಇದ್ದ ಕಾಲದಲ್ಲಿ ಕಲಾವಿದರು ಕಂಡುಕೊಂಡ ಜಾಣತನ ಇದು, ಇವತ್ತಿಗೂ ಚೆನ್ನ. ನಿಮಿಷಕ್ಕೆ 33⅓ ಸುತ್ತಿನ ಎಲ್‌ಪಿಯನ್ನು 45 ಸುತ್ತಿನ ವೇಗದಲ್ಲಿ ತಿರುಗಿಸಿ ರೆಕಾರ್ಡ್ ಮಾಡಿ. ಸದ್ದು 1.35 ಪಟ್ಟು ಬೇಗ ಮುಗಿಯುತ್ತದೆ, ಹತ್ತು ಸೆಕೆಂಡಿನ ಜಾಗದಲ್ಲಿ ಹದಿಮೂರೂವರೆ ಸೆಕೆಂಡಿನದು ಹಿಡಿಯುತ್ತದೆ. ಆಮೇಲೆ ಸ್ಯಾಂಪ್ಲರಿನಲ್ಲಿ ಐದು ಸೆಮಿಟೋನ್‌ಗಿಂತ (ಕೀಬೋರ್ಡಿನ ಪಕ್ಕಪಕ್ಕದ ಎರಡು ಮನೆಗಳ ಅಂತರ ಒಂದು ಸೆಮಿಟೋನ್) ಚೂರು ಜಾಸ್ತಿ ಇಳಿಸಿದರೆ ಮೂಲ ಶ್ರುತಿಗೆ ಬರುತ್ತದೆ. ಇಳಿಸುವಾಗ ಒಂದು ಮರಳು ಮರಳಾದ ಗುಣ ಸೇರಿಕೊಳ್ಳುತ್ತದೆ. ಎಲ್‌ಪಿ ಇಲ್ಲದಿದ್ದರೂ ಆದೀತು. ನೀವೇ ರೆಕಾರ್ಡ್ ಮಾಡಿದ ಡೊಳ್ಳನ್ನೋ ತಮಟೆಯನ್ನೋ ಲ್ಯಾಪ್‌ಟಾಪಿನಲ್ಲಿ 1.35 ಪಟ್ಟು ವೇಗ ಮಾಡಿ ಒಳಗೆ ಕಳಿಸಿ. ಇಳಿಸಿದ ಮೇಲೆ ಡೊಳ್ಳಿನ ಏಟು ಹೇಗೆ ಬರುತ್ತದೆ ಎಂದು ಒಮ್ಮೆ ಕೇಳಿ ನೋಡಿ. ನನಗೆ ಈ ಯಂತ್ರದ ಮೇಲೆ ಪ್ರೀತಿ ಹುಟ್ಟಿದ್ದೇ ಅಲ್ಲಿ.

ಜಿಪ್ ಡ್ರೈವ್, ಸ್ಕಸಿ

ಅಕಾಯ್‌ನ ಎಸ್3000ಎಕ್ಸ್‌ಎಲ್, ಎಂಪಿಸಿ2000 ಇರುವವರಿಗೆ ಹಿಂದೆ ಸ್ಕಸಿ ಎಂಬ ದೊಡ್ಡ ಸಾಕೆಟ್ ಕಾಣುತ್ತದೆ. ಇದಕ್ಕೆ ಜೋಡಿಸುತ್ತಿದ್ದದ್ದು ಐಒಮೆಗಾ ಜಿಪ್ ಡ್ರೈವ್, ಒಂದು ಡಿಸ್ಕಿಗೆ 100 ಎಂಬಿ. ಸ್ಕಸಿಯಲ್ಲಿ ಪ್ರತಿ ಸಾಧನಕ್ಕೂ 0ರಿಂದ 7ರ ಒಳಗೆ ಒಂದು ನಂಬರ್ ಇರಬೇಕು, ಇಬ್ಬರಿಗೆ ಒಂದೇ ನಂಬರ್ ಇರಬಾರದು. ಹೊರಗೆ ಇಡುವ ಜಿಪ್ ಡ್ರೈವಿನಲ್ಲಿ 5 ಅಥವಾ 6 ಮಾತ್ರ ಆರಿಸಬಹುದು. ಹಾಗಾಗಿ ಸ್ಯಾಂಪ್ಲರಿನ ಮೆನುವಿನಲ್ಲಿ ಅದರ ಸ್ವಂತ ನಂಬರ್ ನೋಡಿ, ಅದು 6 ಆಗಿದ್ದರೆ ಜಿಪ್‌ಗೆ 5 ಕೊಡಿ. ಸರಪಳಿಯ ಕೊನೆಯ ಸಾಧನದಲ್ಲಿ ಟರ್ಮಿನೇಶನ್ ಸ್ವಿಚ್ ಆನ್ ಇರಲಿ. ಕೇಬಲ್ ಹಾಕುವಾಗ ತೆಗೆಯುವಾಗ ಎಲ್ಲವೂ ಆಫ್. ಆನ್ ಮಾಡುವಾಗ ಮೊದಲು ಡ್ರೈವ್, ಆಮೇಲೆ ಸ್ಯಾಂಪ್ಲರ್.

ಜಿಪ್ ಡ್ರೈವ್ ಗಡಿಯಾರದ ಹಾಗೆ ಬಿಡದೆ ಟಕ್ ಟಕ್ ಅನ್ನತೊಡಗಿದರೆ ಅದು ಕೆಟ್ಟಿದೆ. ಸರಿಯಿದೆಯೋ ನೋಡೋಣ ಎಂದು ಇನ್ನೊಂದು ಒಳ್ಳೆಯ ಡಿಸ್ಕ್ ಹಾಕಬೇಡಿ, ಅದೂ ಹಾಳಾಗಬಹುದು. ಈಗ ಇದರ ಜಾಗಕ್ಕೆ ಎಸ್‌ಡಿ ಕಾರ್ಡ್ ಬಳಸುವ ಬೋರ್ಡ್‌ಗಳಿವೆ: ಸ್ಕಸಿ2ಎಸ್‌ಡಿ, ಬ್ಲೂಸ್ಕಸಿ, ಝುಲುಸ್ಕಸಿ. ಸದ್ದೂ ಇಲ್ಲ, ಸವೆಯುವ ಭಾಗವೂ ಇಲ್ಲ. ಸ್ಯಾಂಪ್ಲರಿನ ಸ್ಕಸಿ ಸಾಕೆಟ್ ಎಲ್ಲ ಯಂತ್ರದಲ್ಲೂ ಬೋರ್ಡಿಗೆ ಬೇಕಾದ ಕರೆಂಟ್ ಕೊಡುವುದಿಲ್ಲ. ಬೋರ್ಡ್ ಎಚ್ಚರವಾಗದಿದ್ದರೆ ಫೋನ್ ಚಾರ್ಜರಿನಿಂದ ಅದಕ್ಕೆ ಬೇರೆಯಾಗಿ 5 ವೋಲ್ಟ್ ಕೊಟ್ಟು ನೋಡಿ.

ಪ್ಯಾಡ್ ನುಡಿಸುವವರ ಕಾರ್ಡ್

ನಮ್ಮಲ್ಲಿ ಆರ್ಕೆಸ್ಟ್ರಾ ನೋಡಿದವರಿಗೆ ರಿದಂ ಪ್ಯಾಡ್ ಗೊತ್ತೇ ಇದೆ. ರೋಲ್ಯಾಂಡ್ ಎಸ್‌ಪಿಡಿ-ಎಸ್ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡ್ ಬಳಸುತ್ತದೆ. ಬಾಸ್ ಎಸ್‌ಪಿ-303 ಬಳಸುವುದು ಸ್ಮಾರ್ಟ್‌ಮೀಡಿಯಾ, ಬಿಸ್ಕತ್ತಿಗಿಂತ ತೆಳ್ಳಗಿನ ಕಾರ್ಡು. ಇಲ್ಲಿ ದೊಡ್ಡದು ಒಳ್ಳೆಯದಲ್ಲ. ಎಸ್‌ಪಿ-303ಕ್ಕೆ 64 ಎಂಬಿ ದಾಟಬಾರದು, ಅದೂ 3.3 ವೋಲ್ಟಿನ ಕಾರ್ಡೇ ಆಗಬೇಕು. ಅದಕ್ಕೂ ಹಳೆಯ ಎಸ್‌ಪಿ-202ಕ್ಕೆ 5 ವೋಲ್ಟಿನದು. ಕಾರ್ಡಿನ ಕತ್ತರಿಸಿದ ಮೂಲೆ ಎಡಕ್ಕೋ ಬಲಕ್ಕೋ ಎಂಬುದರಲ್ಲೇ ಈ ವ್ಯತ್ಯಾಸ ತಿಳಿಯುತ್ತದೆ. ಸ್ಮಾರ್ಟ್‌ಮೀಡಿಯಾವನ್ನು ಕಂಪ್ಯೂಟರಿನಲ್ಲಿ ಫಾರ್ಮ್ಯಾಟ್ ಮಾಡಬೇಡಿ, ಯಂತ್ರ ಮತ್ತೆ ಅದನ್ನು ಗುರುತಿಸದೇ ಹೋಗಬಹುದು. ಯಂತ್ರದ ಮೆನುವಿನಿಂದಲೇ ಮಾಡಿ.

ಮಳೆಗಾಲಕ್ಕೆ ಮುಂಚೆ

ಫ್ಲಾಪಿಗಳನ್ನು ನಿಲ್ಲಿಸಿ ಇಡಿ, ಒಂದರ ಮೇಲೊಂದು ಪೇರಿಸಬೇಡಿ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಬಣ್ಣ ಬದಲಾಗುವ ಜಾತಿಯದಾದರೆ ನೀರು ಕುಡಿದು ಸಾಕಾಗಿದೆ ಎಂದು ತಾನೇ ಹೇಳುತ್ತದೆ. ಆಗ ಹೊಸ ಪೊಟ್ಟಣ ಹಾಕಿ. ಸ್ಪೀಕರಿನ ಮೇಲೆ, ಹಿಂದೆ ಇಡಬೇಡಿ, ಅಲ್ಲಿ ಅಯಸ್ಕಾಂತ ಇದೆ. ಜೂನ್ ಬರುವ ಮೊದಲು ಒಮ್ಮೆ ಎಲ್ಲ ಫ್ಲಾಪಿಗಳ ಬಾಗಿಲು ಸರಿಸಿ ನೋಡಿ. ಮಳೆಗಾಲದಲ್ಲಿ ಯಂತ್ರವನ್ನು ವಾರಕ್ಕೆ ಒಂದು ಗಂಟೆಯಾದರೂ ಆನ್ ಮಾಡಿ, ಅದರ ಬಿಸಿಗೆ ಒಳಗಿನ ತೇವ ಆರುತ್ತದೆ. ನಕಲು ತೆಗೆದ ಫೈಲುಗಳು ಲ್ಯಾಪ್‌ಟಾಪಿನಲ್ಲೊಂದು, ಬೇರೆ ಮನೆಯಲ್ಲಿರುವ ಹಾರ್ಡ್‌ಡಿಸ್ಕಿನಲ್ಲೊಂದು ಇರಲಿ. ಆ ಫ್ಲಾಪಿಗಳನ್ನು ತುಂಬಿದವರು ಯಾರೆಂದು ಗೊತ್ತಿದ್ದರೆ, ಅವರಿಗೂ ಒಂದು ಪ್ರತಿ ಕಳಿಸಿ.